ನಮ್ಮ ನೆಟ್ ಗ್ರಾಹಕರ 1,400 ಮೇಲ್ ಐಡಿಗಳನ್ನು ಎಲ್ಲಿಗೆ ಸಾಗಿಸೋಣ? ದಯವಿಟ್ಟು ಸಲಹೆ ಕೊಡಿ

ಘಟ್ಟದ_ನೆಟ್
ಎಲ್ಲರಿಗೂ ನಮಸ್ಕಾರ. ನಾವು ಉತ್ತರ ಕನ್ನಡದ ಘಟ್ಟದ ಮೇಲಿನ ಸಣ್ಣ ಇಂಟರ್ನೆಟ್ ಸೇವೆಯವರು. ಸಿ ಕೆಟಗರಿ (ಒಂದು ಸಣ್ಣ ಪ್ರದೇಶಕ್ಕಷ್ಟೇ ಸೇವೆ ಕೊಡುವ) ಲೈಸೆನ್ಸ್, ಮನೆ ಅಂಗಡಿ ಎಲ್ಲ ಸೇರಿ ಸುಮಾರು 3,200 ಕನೆಕ್ಷನ್. ಮೊದಲು ವೈರ್‌ಲೆಸ್ ಕೊಡುತ್ತಿದ್ದ ಕಾಲದಲ್ಲಿ ಪ್ರತಿ ಕನೆಕ್ಷನ್ ಜೊತೆ ನಮ್ಮ ಡೊಮೇನ್‌ನಲ್ಲೇ ಒಂದು ಮೇಲ್ ಐಡಿ ಉಚಿತವಾಗಿ ಕೊಟ್ಟಿದ್ದೆವು. ಹಾಗೆ ಕೊಟ್ಟದ್ದು ಈಗ 1,400 ಬಾಕ್ಸ್ ಆಗಿದೆ.

ಎಲ್ಲವೂ ನಮ್ಮ ಆಫೀಸಿನ ಒಂದೇ ಹಳೆ ಸರ್ವರ್‌ನಲ್ಲಿವೆ. ಮೇಲ್ ಕಳಿಸಲು, ತರಿಸಲು ಪೋಸ್ಟ್‌ಫಿಕ್ಸ್, ಬಾಕ್ಸ್‌ನಿಂದ ಓದಿಸಲು ಡೊವ್‌ಕಾಟ್, ಓಎಸ್ ಸೆಂಟ್‌ಓಎಸ್ 7. ಆ ಓಎಸ್‌ಗೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತಿದೆ. ಹೋದ ತಿಂಗಳು ಎರಡು ಡಿಸ್ಕ್‌ನಲ್ಲಿ ಒಂದು ಕೈಕೊಟ್ಟಿತು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಡೀಸೆಲ್ ತಂದು ಜನರೇಟರ್ ಓಡಿಸುತ್ತೇವೆ. ರಾತ್ರಿ ಹನ್ನೆರಡಕ್ಕೆ ಎದ್ದು ಡೀಸೆಲ್ ಹಾಕುವಾಗ ನನಗೆ ನೆಟ್ ಲೈನಿಗಿಂತ ಈ ಮೇಲ್ ಸರ್ವರ್ ಚಿಂತೆಯೇ ಜಾಸ್ತಿ.

ಪಾಲುದಾರರು ಮುಚ್ಚಿಬಿಡೋಣ, ಎಲ್ಲರೂ ಜಿಮೇಲ್ ಮಾಡಿಕೊಳ್ಳಲಿ ಅನ್ನುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಮೊನ್ನೆ ಒಂದು ಅಡಿಕೆ ವ್ಯಾಪಾರದ ಅಂಗಡಿಗೆ ರೂಟರ್ ಬದಲಿಸಲು ಹೋಗಿದ್ದೆ. ಬಾಗಿಲ ಮೇಲಿನ ತಗಡಿನ ಬೋರ್ಡಿನಲ್ಲಿ ಅಂಗಡಿ ಹೆಸರು, ಅದರ ಕೆಳಗೆ ಕೆಂಪು ಬಣ್ಣದಲ್ಲಿ ನಾವು ಕೊಟ್ಟ ಮೇಲ್ ಐಡಿ. ಬಿಲ್ ಪುಸ್ತಕದ ಮೇಲೂ ಅದೇ. ಜಿಎಸ್‌ಟಿ, ಬ್ಯಾಂಕು, ಎಲ್ಲಕ್ಕೂ ಅದೇ ಕೊಟ್ಟಿದ್ದಾರಂತೆ. ಅದನ್ನು ಹೇಗೆ ನಿಲ್ಲಿಸಲಿ?

ಯಾವ ವ್ಯವಸ್ಥೆ ಒಳ್ಳೆಯದು? ಗ್ರಾಹಕರಿಂದ ಮೇಲ್‌ಗೆ ಬೇರೆ ದುಡ್ಡು ತೆಗೆದುಕೊಳ್ಳುತ್ತಿಲ್ಲ, ಹಾಗಾಗಿ ಖರ್ಚು ಹಿಡಿತದಲ್ಲಿರಬೇಕು.

ಬೆಂದಕಾಳೂರು
ಸುಮ್ನೆ ಗೂಗಲ್ ವರ್ಕ್‌ಸ್ಪೇಸ್ ಇಲ್ಲವೇ ಜೋಹೋ ತೆಗೆದುಕೊಳ್ಳಿ ಸರ್. ಸ್ಪ್ಯಾಮ್, ಬ್ಯಾಕಪ್, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಈ ಕಾಲದಲ್ಲಿ ಮೇಲ್ ಸರ್ವರ್ ಯಾರು ಓಡಿಸುತ್ತಾರೆ?

ಅಂಗಡಿ_ಲೆಕ್ಕ
ಲೆಕ್ಕ ಹಾಕಿ ನೋಡಿ. ಒಂದು ಬಾಕ್ಸ್‌ಗೆ ತಿಂಗಳಿಗೆ ಬರೀ 60 ರೂಪಾಯಿ ಅಂತಿಟ್ಟುಕೊಂಡರೂ 1,400 ಬಾಕ್ಸ್‌ಗೆ 84,000. ವರ್ಷಕ್ಕೆ 10 ಲಕ್ಷ ದಾಟುತ್ತದೆ. ಅದೂ ಗ್ರಾಹಕರಿಂದ ಒಂದು ಪೈಸೆ ಬಾರದ ಸೇವೆಗೆ. ಬಾಕ್ಸ್ ಲೆಕ್ಕದ ದರ ಹತ್ತು ಜನರ ಆಫೀಸಿಗೆ ಸರಿ, ನೆಟ್ ಸೇವೆಯವರಿಗಲ್ಲ.

ತುಂಗಾತೀರ
ದುಡ್ಡು ಒಂದು ಕಡೆ ಇರಲಿ. ಇನ್ನೊಂದು ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಆ ಆಫೀಸ್ ಪ್ಯಾಕೇಜುಗಳನ್ನು ಮಾಡಿರುವುದೇ ಒಂದು ಸಂಸ್ಥೆಯ ನೌಕರರಿಗೆ. ಅಡ್ಮಿನ್ ಆದವನು ಯಾರ ಪಾಸ್‌ವರ್ಡ್ ಬೇಕಾದರೂ ಬದಲಿಸಬಹುದು, ಖಾತೆ ಪೂರ್ತಿ ಅಳಿಸಬಹುದು. ನೌಕರನ ಮೇಲ್ ಕಂಪನಿಯದ್ದು, ಅದು ಸರಿ. ಆದರೆ ಊರಿನ ಡಾಕ್ಟರು, ವಕೀಲರು, ಶಾಲೆ ಮೇಷ್ಟ್ರು ನಿಮ್ಮ ನೌಕರರಲ್ಲ, ಅಲ್ವಾ? ಅವರನ್ನೆಲ್ಲ ಒಂದೇ ಸಂಸ್ಥೆಯ ಡೈರೆಕ್ಟರಿಯೊಳಗೆ ತುಂಬಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವ ಸೆಟ್ಟಿಂಗ್ ಕೂಡ ಇರುತ್ತದೆ. ಅದನ್ನು ನೆನಪಿಟ್ಟು ಮುಚ್ಚಬೇಕು.

ಬೆಂದಕಾಳೂರು
ಒಪ್ಪಿದೆ, ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ.

ಧಾರವಾಡ_ಫೇಡೆ
ಅಣ್ಣಾ, ಜಿಂಬ್ರಾ ಹಾಕ್ರಿ. ಫ್ರೀ ಐತಿ. ವೆಬ್‌ಮೇಲ್, ಕ್ಯಾಲೆಂಡರ್ ಎಲ್ಲಾ ಒಂದರಾಗ ಬರ್ತಾವ. ನಾವು ನಮ್ಮ ಕಾಲೇಜಿನ್ಯಾಗ ಆರು ವರ್ಷ ಓಡಿಸೀವಿ.

ಪೋಸ್ಟ್‌ಫಿಕ್ಸ್_ಪ್ರೇಮಿ
ಜಿಂಬ್ರಾ ಒಂದು ಕಾಲಕ್ಕೆ ಒಳ್ಳೆಯದೇ ಇತ್ತು ರೀ, ಆದರೆ ಈಗ ಹೊಸದಾಗಿ ಹಾಕಬೇಡಿ. ನೀವು ಹೇಳುವ ಫ್ರೀ ಆವೃತ್ತಿ 8.8.15 ಇರಬೇಕು. ಅದರ ಬೆಂಬಲ 2023ರ ಡಿಸೆಂಬರ್ ಕೊನೆಗೆ ಮುಗಿಯಿತು. 9ರಿಂದ ಓಪನ್ ಸೋರ್ಸ್ ಆವೃತ್ತಿಗೆ ಅವರು ಸಿದ್ಧ ಪ್ಯಾಕೇಜ್ ಕೊಡುವುದಿಲ್ಲ. ಸೋರ್ಸ್ ತೆಗೆದುಕೊಂಡು ನೀವೇ ಕಟ್ಟಿಕೊಳ್ಳಬೇಕು, ಇಲ್ಲವೇ ಬೇರೆ ಯಾರೋ ಕಟ್ಟಿದ್ದನ್ನು ನಂಬಬೇಕು.

ಜೊತೆಗೆ ಭದ್ರತೆಯ ತೂತುಗಳು. 2022ರಲ್ಲಿ ಸಿವಿಇ-2022-41352 (ಇಂಥ ತೂತುಗಳಿಗೆ ಕೊಡುವ ಪಟ್ಟಿ ಸಂಖ್ಯೆ) ಬಂತು. ಅಟ್ಯಾಚ್‌ಮೆಂಟ್ ಬಿಚ್ಚಿ ನೋಡುವ ಹಂತದಲ್ಲೇ ಹೊರಗಿನವರು ಸರ್ವರ್ ಒಳಗೆ ಫೈಲ್ ಬರೆಯುವಂತೆ ಇತ್ತು. 2024ರಲ್ಲಿ ಪೋಸ್ಟ್‌ಜರ್ನಲ್ ಸೇವೆಯಲ್ಲಿ ಇನ್ನೊಂದು. ಎರಡನ್ನೂ ಕಳ್ಳರು ನಿಜವಾಗಿ ಬಳಸಿದ್ದಾರೆ. ಪ್ಯಾಚ್ ಬಂದ ದಿನವೇ ಹಾಕುವ ಜನ ಇದ್ದರೆ ಮಾತ್ರ ಆ ದಾರಿ.

ಧಾರವಾಡ_ಫೇಡೆ
ಹೌದಾ? ನಮ್ಮದಿನ್ನೂ 8.8.15 ಮ್ಯಾಲೇ ಐತಿ. ನಾಳೆ ಮೊದಲು ಅದನ್ನ ನೋಡ್ತೀನಿ. ತಿಳಿಸಿದ್ದಕ್ಕ ಉಪಕಾರ ಆತು.

ಕಡಲಕಿನಾರೆ
ಮಾರಾಯ್ರೇ, ನಾನು ಗ್ರಾಹಕನ ಜಾಗದಲ್ಲಿ ನಿಂತು ಹೇಳುತ್ತೇನೆ. ನನ್ನ ಅಪ್ಪನ ಹಳೆ ಮೇಲ್ ಐಡಿ ಇದೇ ಥರ ಒಂದು ನೆಟ್ ಸೇವೆಯವರು ಕೊಟ್ಟದ್ದು. ಒಂದು ದಿನ ಸದ್ದಿಲ್ಲದೆ ನಿಂತುಹೋಯಿತು. ಅಪ್ಪನಿಗೆ ಆಗ 71 ವರ್ಷ. ಪಿಂಚಣಿ, ವಿಮೆ, ಮ್ಯೂಚುವಲ್ ಫಂಡ್, ಎಲ್ಲದರ ಪಾಸ್‌ವರ್ಡ್ ರೀಸೆಟ್ ಲಿಂಕ್ ಅಲ್ಲಿಗೇ ಹೋಗುತ್ತಿತ್ತು. ಒಂದೊಂದು ಕಡೆ ಫಾರ್ಮ್ ತುಂಬಿ, ಆಧಾರ್ ಜೆರಾಕ್ಸ್ ಕೊಟ್ಟು, ಮೇಲ್ ಐಡಿ ಬದಲಿಸಲು ನಾಲ್ಕು ತಿಂಗಳು ಹಿಡಿಯಿತು. ಅಮ್ಮನಿಗೆ ನಾವು ಸಿಂಗಾಪುರದಿಂದ ಕಳಿಸಿದ ಹಳೆ ಫೋಟೋಗಳೆಲ್ಲ ಹೋದವು. ಅವು ಮತ್ತೆ ಸಿಗಲಿಲ್ಲ.

ಮುಚ್ಚುವುದೇ ಆದರೂ ಒಂದು ವರ್ಷ ಮೊದಲು ಹೇಳಿ. ಮೇಲ್ ಕಳಿಸಿ ಸುಮ್ಮನಾಗಬೇಡಿ, ತಿಂಗಳ ಬಿಲ್ ಕೊಡುವಾಗ ಬಾಯಲ್ಲಿ ಹೇಳಿ.

ಘಟ್ಟದ_ನೆಟ್
ಕಡಲಕಿನಾರೆ ಅವರೇ, ಇದನ್ನು ಪಾಲುದಾರರಿಗೆ ಓದಿ ಹೇಳಿದೆ. ಮುಚ್ಚುವ ಮಾತು ಸದ್ಯಕ್ಕೆ ನಿಂತಿದೆ.

ದೂರದ_ಕನ್ನಡಿಗ
ಮೆಲ್ಬರ್ನ್‌ನಿಂದ. ಇಲ್ಲಿ ದೊಡ್ಡವರೇ ಕೈ ತೊಳೆದುಕೊಳ್ಳುತ್ತಿದ್ದಾರೆ. 2023ರಲ್ಲಿ ಟಿಪಿಜಿ ತನ್ನ ಮತ್ತು ಐಐನೆಟ್, ಇಂಟರ್ನೋಡ್ ಗ್ರಾಹಕರ ಮೇಲ್ ಬಾಕ್ಸುಗಳನ್ನು ದಿ ಮೆಸೇಜಿಂಗ್ ಕಂಪನಿ ಎಂಬ ಬೇರೆ ಸಂಸ್ಥೆಗೆ ಸಾಗಿಸಿತು. ಮೊದಲು ಸ್ವಲ್ಪ ಕಾಲ ಉಚಿತ, ಆಮೇಲೆ ಬೇಕಾದವರು ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕು. ಅಮೆರಿಕದಲ್ಲಿ ವೆರೈಜನ್ 2017ರಲ್ಲಿ ಬಿಟ್ಟಿತು, ಕಾಕ್ಸ್ 2024ರಲ್ಲಿ ಯಾಹೂಗೆ ಕೊಟ್ಟಿತು. ಆದರೆ ಒಂದು ಗಮನಿಸಿ. ಇಲ್ಲೆಲ್ಲ ಹಳೆ ವಿಳಾಸ ಹಾಗೇ ಉಳಿಸಿಕೊಳ್ಳಲು ದಾರಿ ಇಟ್ಟಿದ್ದರು. ಸರ್ವರ್ ಬದಲಾಯಿತು, ವಿಳಾಸ ಬದಲಾಗಲಿಲ್ಲ. ನೀವೂ ಡೊಮೇನ್ ಮಾತ್ರ ಕೈಬಿಡಬೇಡಿ. ಹತ್ತು ವರ್ಷಕ್ಕೆ ಒಟ್ಟಿಗೇ ರಿನ್ಯೂ ಮಾಡಿಸಿಡಿ.

ತುಂಗಾತೀರ
ವಿಳಾಸ ಅಂದಾಗ ನೆನಪಾಯಿತು. ನಮ್ಮ ಮನೆಯ ಹಳೆ ಪುಸ್ತಕಗಳ ಒಳಪುಟದಲ್ಲಿ ಲೇಖಕರ ವಿಳಾಸ ಸಂಚಾರ್‌ನೆಟ್‌ದು ಇದೆ. ಬಿಎಸ್‌ಎನ್‌ಎಲ್ ಡಯಲ್‌ಅಪ್ ಕಾಲ. ಅದಕ್ಕೂ ಮೊದಲಿನವು ವಿಎಸ್‌ಎನ್‌ಎಲ್‌ದು. ಮೋಡೆಮ್ ಕೂಗುವ ಸದ್ದು ಇನ್ನೂ ಕಿವಿಯಲ್ಲಿದೆ.

ಧಾರವಾಡ_ಫೇಡೆ
ವಿಎಸ್‌ಎನ್‌ಎಲ್ ಇಂಟರ್ನೆಟ್ ಶುರು ಆಗಿದ್ದು 1995ರ ಆಗಸ್ಟ್ 15ಕ್ಕ. ನಮ್ಮ ಮಾಮಾ ಬೆಂಗಳೂರಾಗ ಕನೆಕ್ಷನ್ ತಗೊಂಡಿದ್ರು, ಓಣಿ ಮಂದಿ ಎಲ್ಲಾ ನೋಡಾಕ ಬಂದಿದ್ರು.

ಪೋಸ್ಟ್‌ಫಿಕ್ಸ್_ಪ್ರೇಮಿ
ಹಳೆ ನೆನಪು ಚೆನ್ನಾಗಿದೆ, ಆದರೆ ಪ್ರಶ್ನೆಗೆ ಬರೋಣ. ಘಟ್ಟದ_ನೆಟ್ ಅವರೇ, ಮೊದಲು ಒಂದು ಕೆಲಸ ಮಾಡಿ. 1,400ರಲ್ಲಿ ಹೋದ 90 ದಿನದಲ್ಲಿ ಎಷ್ಟು ಜನ ಲಾಗಿನ್ ಆಗಿದ್ದಾರೆ, ಲಾಗ್ ತೆಗೆದು ಎಣಿಸಿ. ಅದರಲ್ಲಿ ಪಾಪ್ (ಮೇಲನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವವರು) ಎಷ್ಟು, ಐಮ್ಯಾಪ್ (ಸರ್ವರ್‌ನಲ್ಲೇ ಇಟ್ಟು ಓದುವವರು) ಎಷ್ಟು, ವೆಬ್‌ಮೇಲ್ ಎಷ್ಟು ಬೇರೆ ಬೇರೆ ಮಾಡಿ. ಫಾರ್ವರ್ಡ್ ಇಟ್ಟವರನ್ನೂ ಎಣಿಸಿ. ಆ ಲೆಕ್ಕ ಇಲ್ಲದೆ ಯಾರು ಏನು ಹೇಳಿದರೂ ಕತ್ತಲಲ್ಲಿ ತಡಕಾಡಿದ ಹಾಗೆ.

ಘಟ್ಟದ_ನೆಟ್
ರಾತ್ರಿ ಕೂತು ಎಣಿಸಿದೆ. ನನಗೇ ಆಶ್ಚರ್ಯ ಆಯಿತು. ಲಾಗಿನ್ ಆದವರು 412. ಅದರಲ್ಲಿ ಪಾಪ್ 260, ಐಮ್ಯಾಪ್ 118, ಉಳಿದ 34 ವೆಬ್‌ಮೇಲ್ ಮಾತ್ರ. ಲಾಗಿನ್ ಆಗದೆ ಜಿಮೇಲ್‌ಗೆ ಫಾರ್ವರ್ಡ್ ಇಟ್ಟವರು 143. ಉಳಿದ 845 ಬಾಕ್ಸ್ ಯಾರೂ ತೆರೆದೇ ಇಲ್ಲ. ಒಟ್ಟು ಜಾಗ 610 ಜಿಬಿ.

ಅಂಗಡಿ_ಲೆಕ್ಕ
ನೋಡಿ, 1,400 ಅಂದದ್ದು 412ಕ್ಕೆ ಇಳಿಯಿತು. ಆ 845ನ್ನು ಅಳಿಸಿಬಿಡಿ.

ಕಡಲಕಿನಾರೆ
ಅಳಿಸಬೇಡಿ! ಕೆಲವರು ವರ್ಷಕ್ಕೊಮ್ಮೆ ತೆರಿಗೆ ಕಟ್ಟುವಾಗ ಮಾತ್ರ ತೆರೆಯುತ್ತಾರೆ.

ತುಂಗಾತೀರ
ಅಳಿಸಿದರೂ ಇನ್ನೊಂದು ಎಚ್ಚರ. ಆ ವಿಳಾಸವನ್ನು ಮತ್ತೆ ಬೇರೆ ಗ್ರಾಹಕರಿಗೆ ಕೊಡಲೇಬೇಡಿ. ಹಳೆಯವರು ಬ್ಯಾಂಕಿಗೆ ಆ ಐಡಿ ಕೊಟ್ಟಿದ್ದರೆ ಪಾಸ್‌ವರ್ಡ್ ರೀಸೆಟ್ ಲಿಂಕ್ ಹೊಸಬರ ಕೈಗೆ ಸಿಗುತ್ತದೆ. ಖಾಲಿ ಆದರೂ ಆ ಹೆಸರು ಎಂದೆಂದಿಗೂ ಬೀಗ ಹಾಕಿದ ಹಾಗೇ ಇರಬೇಕು.

ಬೆಂದಕಾಳೂರು
ಬಾಕ್ಸ್ ಎಣಿಸದ ಸೇವೆಗಳೂ ಇವೆ. ಸ್ವಿಟ್ಜರ್ಲೆಂಡ್‌ನ ಮಿಗಾಡು ಎಷ್ಟು ಬಾಕ್ಸ್ ಬೇಕಾದರೂ ಮಾಡಿಕೊಳ್ಳಿ ಅನ್ನುತ್ತದೆ. ಅವರು ದಿನಕ್ಕೆ ಎಷ್ಟು ಮೇಲ್ ಹೋಗುತ್ತದೆ ಅನ್ನುವುದಕ್ಕೆ ಮಿತಿ ಇಡುತ್ತಾರೆ. ಎಂಎಕ್ಸ್‌ರೂಟ್ ಅನ್ನುವವರು ಜಾಗದ ಲೆಕ್ಕದಲ್ಲಿ ದರ ಹಾಕುತ್ತಾರೆ. ಇವು ಆಗಲ್ವಾ?

ಪೋಸ್ಟ್‌ಫಿಕ್ಸ್_ಪ್ರೇಮಿ
ಸಣ್ಣ ಆಫೀಸಿಗೆ ಚೆನ್ನಾಗಿವೆ. ಇಲ್ಲಿ ಮೂರು ತೊಡಕು.

ಒಂದು, ಹೊರಹೋಗುವ ಮಿತಿ. 412 ಜನರಲ್ಲಿ ಒಬ್ಬರ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕರೆ ಎಲ್ಲರ ಮಿತಿಯನ್ನೂ ಅವನೊಬ್ಬನೇ ತಿಂದುಹಾಕುತ್ತಾನೆ. ಇಲ್ಲವೇ ನಿಮ್ಮ ಖಾತೆಯನ್ನೇ ನಿಲ್ಲಿಸುತ್ತಾರೆ.

ಎರಡು, ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತೆ ಸಂಸ್ಥೆ) ಹೊರಡಿಸಿದ 2022ರ ಏಪ್ರಿಲ್ 28ರ ಆದೇಶ. 180 ದಿನದ ಲಾಗ್ ಇಟ್ಟು ಕೇಳಿದಾಗ ಕೊಡಬೇಕು, ಭದ್ರತೆಗೆ ಧಕ್ಕೆ ಬಂದರೆ 6 ಗಂಟೆಯೊಳಗೆ ತಿಳಿಸಬೇಕು. ನೀವು ಲೈಸೆನ್ಸ್ ಇರುವವರು. ಹೊರಗಿನ ಸೇವೆಯವರು ನಿಮಗೆ ಪೂರ್ತಿ ಲಾಗ್ ಕೊಡುತ್ತಾರಾ, ಕೇಳಿ ನೋಡಿ.

ಮೂರನೆಯದೇ ನನಗೆ ದೊಡ್ಡದು. ಪಾಸ್‌ವರ್ಡ್. ನಿಮ್ಮ ಹಳೆ ಸರ್ವರ್‌ನಲ್ಲಿ ಅವು ಹ್ಯಾಷ್ (ತಿರುಗಿಸಿ ಓದಲಾಗದ ಗುಪ್ತ ಅಕ್ಷರಗಳ) ರೂಪದಲ್ಲಿವೆ, ಅಸಲಿ ಪಾಸ್‌ವರ್ಡ್ ನಿಮಗೂ ಗೊತ್ತಿಲ್ಲ. ಬೇರೆ ಸೇವೆಗೆ ಹೋದರೆ ಹೆಚ್ಚಿನ ಕಡೆ ಆ ಹ್ಯಾಷ್ ತೆಗೆದುಕೊಳ್ಳುವುದಿಲ್ಲ. 412 ಜನರಿಗೆ ಹೊಸ ಪಾಸ್‌ವರ್ಡ್ ಕೊಡಬೇಕು. ಫೋನ್, ಕಂಪ್ಯೂಟರ್, ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್, ಎಲ್ಲದರಲ್ಲೂ ಬದಲಿಸಬೇಕು. ನಿಮ್ಮ ಹುಡುಗರು ತಿಂಗಳುಗಟ್ಟಲೆ ಮನೆಮನೆ ಸುತ್ತಬೇಕಾಗುತ್ತದೆ. ಡೊವ್‌ಕಾಟ್‌ನಿಂದ ಡೊವ್‌ಕಾಟ್‌ಗೆ ಹೋದರೆ ಹ್ಯಾಷ್ ಹಾಗೇ ನಕಲು ಆಗುತ್ತದೆ. ಗ್ರಾಹಕರಿಗೆ ಏನೂ ಗೊತ್ತಾಗುವುದಿಲ್ಲ.

ಹಾಗಾಗಿ ನನ್ನ ಮಾತು: ಬೆಂಗಳೂರಿನ ಯಾವುದಾದರೂ ಡಾಟಾ ಸೆಂಟರ್‌ನಲ್ಲಿ ಒಂದು ಒಳ್ಳೆ ಸರ್ವರ್ ಬಾಡಿಗೆಗೆ ತೆಗೆದುಕೊಳ್ಳಿ. ಪೋಸ್ಟ್‌ಫಿಕ್ಸ್, ಡೊವ್‌ಕಾಟ್, ಸ್ಪ್ಯಾಮ್ ತಡೆಯಲು ಆರ್‌ಸ್ಪ್ಯಾಮ್‌ಡಿ, ವೆಬ್‌ಮೇಲ್‌ಗೆ ರೌಂಡ್‌ಕ್ಯೂಬ್. ಬ್ಯಾಕಪ್ ಬೇರೆ ಊರಿನಲ್ಲಿ ಇಡಿ.

ಹೊಸಬ_2
ಮೇಲ್‌ಕೌ ಅನ್ನುವ ಸಿದ್ಧ ಮೇಲ್ ಸರ್ವರ್ ಕಟ್ಟು ಹಾಕಬಹುದಲ್ಲ? ಒಳಗೆ ಪೋಸ್ಟ್‌ಫಿಕ್ಸ್, ಡೊವ್‌ಕಾಟ್, ಆರ್‌ಸ್ಪ್ಯಾಮ್‌ಡಿ ಮೂರೂ ಇವೆ, ಪ್ಯಾನೆಲ್ ಕೂಡ ಸಿಗುತ್ತದೆ.

ಪೋಸ್ಟ್‌ಫಿಕ್ಸ್_ಪ್ರೇಮಿ
ಹಾಕಬಹುದು, ಒಳ್ಳೆಯದೇ. ಪ್ಯಾನೆಲ್ ಬೇಕು, ಡಾಕರ್ (ಸಾಫ್ಟ್‌ವೇರನ್ನು ಸಿದ್ಧ ಪೆಟ್ಟಿಗೆಗಳಲ್ಲಿ ಓಡಿಸುವ ವಿಧಾನ) ಗೊತ್ತು ಅಂದರೆ ಅದೇ ಸುಲಭ. ಕೈಯಲ್ಲೇ ಕಟ್ಟುವವರಿಗೆ ಒಂದು ಸೂಚನೆ. 2025ರ ಜನವರಿಯಲ್ಲಿ ಬಂದ ಡೊವ್‌ಕಾಟ್ 2.4ರಲ್ಲಿ ಕಾನ್ಫಿಗ್ ಬರೆಯುವ ರೀತಿಯೇ ಬದಲಾಗಿದೆ. 2.3ರ ಫೈಲ್ ಹಾಗೇ ಇಟ್ಟರೆ ಓಡುವುದಿಲ್ಲ. ಎರಡು ಸರ್ವರ್ ನಡುವೆ ತಾನಾಗಿ ನಕಲು ಮಾಡುತ್ತಿದ್ದ ಹಳೆ ರೆಪ್ಲಿಕೇಶನ್ ಕೂಡ ಅದರಲ್ಲಿ ಇಲ್ಲ.

ಬೆಂದಕಾಳೂರು
ಆದರೆ ಸ್ವಂತ ಸರ್ವರ್‌ನಿಂದ ಹೋದ ಮೇಲ್ ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಬೀಳುತ್ತದೆ. ಇದಕ್ಕೇ ನಾನು ಮೊದಲು ವರ್ಕ್‌ಸ್ಪೇಸ್ ಅಂದದ್ದು.

ಪೋಸ್ಟ್‌ಫಿಕ್ಸ್_ಪ್ರೇಮಿ
ಇದು ನ್ಯಾಯವಾದ ಮಾತು. ಒಳಬರುವುದು ಸುಲಭ, ಹೊರಹೋಗುವುದೇ ಕಷ್ಟ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಬಿಗಿ ಮಾಡಿವೆ. ಎಸ್‌ಪಿಎಫ್ (ಡೊಮೇನ್ ಪರವಾಗಿ ಮೇಲ್ ಕಳಿಸಬಹುದಾದ ಐಪಿಗಳ ಪಟ್ಟಿ) ಅಥವಾ ಡಿಕಿಮ್ (ಮೇಲಿಗೆ ಹಾಕುವ ಡಿಜಿಟಲ್ ಸಹಿ) ಎಲ್ಲರಿಗೂ ಬೇಕು. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎರಡೂ ಬೇಕು, ಡಿಮಾರ್ಕ್ (ಇವು ಹೊಂದದಿದ್ದರೆ ಮೇಲನ್ನು ಏನು ಮಾಡಬೇಕು ಎಂಬ ಸೂಚನೆ) ಕೂಡ ಬೇಕು. ಐಪಿಗೆ ಸರಿಯಾದ ಪಿಟಿಆರ್ (ಐಪಿ ಯಾರ ಹೆಸರಿನದು ಎಂದು ತೋರಿಸುವ ಡಿಎನ್‌ಎಸ್ ದಾಖಲೆ) ಇರಬೇಕು. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು. ನೀವು ಸಣ್ಣವರಾದರೂ ಎಲ್ಲವನ್ನೂ ಮಾಡಿಡಿ.

ಸರ್ವರ್ ತೆಗೆದುಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ. ಪೋರ್ಟ್ 25 (ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮೇಲ್ ಹೋಗುವ ದಾರಿ) ಹೊರಗೆ ತೆರೆದಿದೆಯಾ? ಪಿಟಿಆರ್ ನಮ್ಮ ಹೆಸರಿಗೆ ಇಟ್ಟುಕೊಡುತ್ತೀರಾ? ದೊಡ್ಡ ಕ್ಲೌಡ್‌ಗಳಲ್ಲಿ ಗೂಗಲ್ ಕ್ಲೌಡ್ ಹೊರಹೋಗುವ 25 ಸಾಮಾನ್ಯವಾಗಿ ಬಿಡುವುದಿಲ್ಲ. ಅಮೆಜಾನ್‌ನಲ್ಲಿ ಅರ್ಜಿ ಹಾಕಿ ತೆಗೆಸಬೇಕು.

ಹೊಸಬ_2
ಅವರದೇ ಐಪಿ ಬ್ಲಾಕ್ ಇರುತ್ತದಲ್ಲ, ಅದರಿಂದಲೇ ಕಳಿಸಿದರೆ?

ತುಂಗಾತೀರ
ಅಲ್ಲೇ ನಾವು ಕೈ ಸುಟ್ಟುಕೊಂಡದ್ದು. ನಾನೂ ಶಿವಮೊಗ್ಗ ಕಡೆ ಸಣ್ಣ ನೆಟ್ ಸೇವೆಯಲ್ಲಿದ್ದೆ. ಗ್ರಾಹಕರನ್ನೆಲ್ಲ ನ್ಯಾಟ್ ಮಾಡಿ (ಹಲವರಿಗೆ ಒಂದೇ ಐಪಿ ಹಂಚಿ) ಹೊರಗೆ ಬಿಡುತ್ತಿದ್ದ ಐಪಿಗಳ ಪಕ್ಕದಲ್ಲೇ ಮೇಲ್ ಸರ್ವರ್ ಐಪಿ ಇತ್ತು. ಯಾರದೋ ಮನೆಯ ಕಂಪ್ಯೂಟರಿಗೆ ವೈರಸ್ ಬಂದು ರಾತ್ರಿಯೆಲ್ಲ ಸ್ಪ್ಯಾಮ್ ಹೋಯಿತು. ಬೆಳಿಗ್ಗೆ ಪೂರ್ತಿ ಬ್ಲಾಕ್ ಕಪ್ಪುಪಟ್ಟಿಯಲ್ಲಿ. ಒಬ್ಬ ಗ್ರಾಹಕರು ಟೆಂಡರ್ ಕಾಗದ ಕಳಿಸಬೇಕಿತ್ತು, ಸಂಜೆ ಐದಕ್ಕೆ ಕೊನೆ. ಮೇಲ್ ವಾಪಸ್ ಬರುತ್ತಲೇ ಇತ್ತು. ಕೊನೆಗೆ ನಾನೇ ಅವರ ಪಕ್ಕ ಕೂತು ನನ್ನ ಫೋನಿನ ನೆಟ್‌ನಲ್ಲಿ ಅವರಿಗೊಂದು ಜಿಮೇಲ್ ಮಾಡಿಸಿ ಕಳಿಸಿಕೊಟ್ಟೆ. ಐದಕ್ಕೆ ನಾಲ್ಕು ನಿಮಿಷ ಇತ್ತು.

ಅಂದಿನಿಂದ ಗ್ರಾಹಕರ ಕಡೆಯಿಂದ ಪೋರ್ಟ್ 25 ಹೊರಗೆ ಬಂದ್ ಮಾಡಿದೆವು. ಮೇಲ್ ಕಳಿಸಲು ಪೋರ್ಟ್ 587 ಇಲ್ಲವೇ 465, ಅದೂ ಪಾಸ್‌ವರ್ಡ್ ಕೊಟ್ಟು. ಒಬ್ಬರಿಗೆ ಗಂಟೆಗೆ 150 ಮೇಲ್ ಮಿತಿ. ಇದೊಂದರಿಂದಲೇ ಮುಕ್ಕಾಲು ಪಾಲು ತೊಂದರೆ ಹೋಯಿತು.

ಘಟ್ಟದ_ನೆಟ್
ನಮ್ಮಲ್ಲಿ 25 ತೆರೆದೇ ಇದೆ! ಇವತ್ತೇ ಮುಚ್ಚಿಸುತ್ತೇನೆ.

ಪೋಸ್ಟ್‌ಫಿಕ್ಸ್_ಪ್ರೇಮಿ
ಒಂದೇ ಸಲ ಮುಚ್ಚಬೇಡಿ. ಮೊದಲು ಎರಡು ದಿನ ಲಾಗ್ ಮಾತ್ರ ಮಾಡಿ. ಯಾರಾದರೂ ಸ್ವಂತ ಮೇಲ್ ಸರ್ವರ್ ಇಟ್ಟ ಗ್ರಾಹಕರಿದ್ದರೆ ಗೊತ್ತಾಗುತ್ತದೆ. ಅವರನ್ನು ಬಿಟ್ಟು ಮುಚ್ಚಿ.

ಕಡಲಕಿನಾರೆ
ಫಾರ್ವರ್ಡ್ ಇಟ್ಟ 143 ಜನರ ಕತೆ ಏನು?

ಪೋಸ್ಟ್‌ಫಿಕ್ಸ್_ಪ್ರೇಮಿ
ಒಳ್ಳೆ ಪ್ರಶ್ನೆ. ಬ್ಯಾಂಕಿನಿಂದ ಬಂದ ಮೇಲನ್ನು ನೀವು ಜಿಮೇಲ್‌ಗೆ ತಳ್ಳಿದರೆ, ಜಿಮೇಲ್‌ಗೆ ಅದು ನಿಮ್ಮ ಐಪಿಯಿಂದ ಬಂದ ಹಾಗೆ ಕಾಣುತ್ತದೆ. ಬ್ಯಾಂಕಿನ ಎಸ್‌ಪಿಎಫ್ ಪಟ್ಟಿಯಲ್ಲಿ ನಿಮ್ಮ ಐಪಿ ಇಲ್ಲ, ಅಲ್ಲಿಗೆ ಎಸ್‌ಪಿಎಫ್ ಮುರಿಯಿತು. ಡಿಕಿಮ್ ಸಹಿ ಇದ್ದು, ನೀವು ಮೇಲ್ ಒಳಗೆ ಏನೂ ತಿದ್ದದಿದ್ದರೆ ದಾಟುತ್ತದೆ. ಹಾಗಾಗಿ ಎಸ್‌ಆರ್‌ಎಸ್ (ತಳ್ಳುವಾಗ ಕಳಿಸಿದವರ ಲಕೋಟೆ ವಿಳಾಸವನ್ನು ನಿಮ್ಮ ಡೊಮೇನ್‌ಗೆ ಬದಲಿಸುವ ವಿಧಾನ) ಹಾಕಿ, ಮೇಲಿನ ಕೆಳಗೆ ನಮ್ಮ ಸೇವೆಯ ಜಾಹೀರಾತು ಸಾಲು ಸೇರಿಸುವ ಆಸೆ ಬಿಡಿ, ಸ್ಪ್ಯಾಮನ್ನು ಮೊದಲೇ ತಡೆದು ಉಳಿದದ್ದನ್ನು ಮಾತ್ರ ತಳ್ಳಿ. ನೀವು ತಳ್ಳಿದ ಸ್ಪ್ಯಾಮ್ ನಿಮ್ಮ ಹೆಸರಿಗೇ ಜಮೆ ಆಗುತ್ತದೆ.

ಜಿಮೇಲ್ ಕಡೆಯಿಂದಲೇ ಪಾಪ್‌ನಲ್ಲಿ ಎಳೆದುಕೊಳ್ಳಿ ಅಂತ ಹೇಳುವ ಹಾಗೂ ಇಲ್ಲ. 2026ರಲ್ಲಿ ಆ ಸೌಲಭ್ಯ ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿದೆ.

ಹೊಸಬ_2
ಒಂದು ಬೇರೆ ಪ್ರಶ್ನೆ. ಹೇಗೂ ಹೊಸದಾಗಿ ಕಟ್ಟುತ್ತಿದ್ದೀರಿ, ಕನ್ನಡ ಅಕ್ಷರದಲ್ಲೇ ಮೇಲ್ ಐಡಿ ಕೊಡಬಹುದಾ? ನಮ್ಮ ಅಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಫೋನಿನಲ್ಲಿ ಕನ್ನಡ ಟೈಪ್ ಮಾಡುತ್ತಾರೆ.

ಪೋಸ್ಟ್‌ಫಿಕ್ಸ್_ಪ್ರೇಮಿ
ನನಗೂ ಬಹಳ ಇಷ್ಟದ ವಿಷಯ. ಅದರ ನಿಯಮ 2012ರಲ್ಲೇ ಬಂದಿದೆ. ಪೋಸ್ಟ್‌ಫಿಕ್ಸ್ 2015ರ 3.0ರಿಂದ ಒಪ್ಪುತ್ತದೆ. ಡೊಮೇನ್ ಕೂಡ .ಭಾರತ ಅಂತ ಕನ್ನಡದಲ್ಲೇ ಸಿಗುತ್ತದೆ. ತೊಡಕು ಆಚೆ ಕಡೆಯದು. ಎಷ್ಟೋ ವೆಬ್‌ಸೈಟ್ ಫಾರ್ಮ್‌ಗಳು ಕನ್ನಡ ಐಡಿ ಹಾಕಿದರೆ ತಪ್ಪು ಅನ್ನುತ್ತವೆ. ಇಂಗ್ಲಿಷ್ ಐಡಿ ಒಂದು ಕೊಟ್ಟು, ಕನ್ನಡದ್ದನ್ನು ಅದಕ್ಕೇ ಎರಡನೇ ಹೆಸರಾಗಿ ಸೇರಿಸಿ ಪ್ರಯೋಗ ಮಾಡಿ. ಮೊದಲು ಈ ಸಾಗಾಟ ಮುಗಿಯಲಿ.

ಘಟ್ಟದ_ನೆಟ್
ತೀರ್ಮಾನ ಆಯಿತು. ಬೆಂಗಳೂರಿನಲ್ಲಿ ಬಾಡಿಗೆ ಸರ್ವರ್, ಪೋಸ್ಟ್‌ಫಿಕ್ಸ್ ಮತ್ತು ಡೊವ್‌ಕಾಟ್. ಬ್ಯಾಕಪ್ ನಮ್ಮ ಆಫೀಸಿನಲ್ಲೇ, ಹೊಸ ಡಿಸ್ಕಿಗೆ. ತೆರೆಯದ 845 ಬಾಕ್ಸ್ ಒಂದು ವರ್ಷ ಹಾಗೇ ಇರುತ್ತವೆ, ಹೊಸಬರಿಗೆ ಆ ಹೆಸರು ಕೊಡುವುದಿಲ್ಲ. ಮೇಲ್ ಸಾಗಿಸಲು ಐಮ್ಯಾಪ್‌ಸಿಂಕ್ (ಐಮ್ಯಾಪ್ ಮೂಲಕ ಬಾಕ್ಸ್ ನಕಲು ಮಾಡುವ ಸಾಧನ) ಬಳಸಲಾ?

ಪೋಸ್ಟ್‌ಫಿಕ್ಸ್_ಪ್ರೇಮಿ
ಬೇಡ! ನಿಮ್ಮಲ್ಲಿ ಪಾಪ್ 260 ಜನ ಇದ್ದಾರೆ. ಸರ್ವರ್‌ನಲ್ಲೂ ಮೇಲ್ ಉಳಿಸಿ ಅಂತ ಟಿಕ್ ಹಾಕಿಕೊಂಡವರ ಔಟ್‌ಲುಕ್ ಪ್ರತಿ ಮೇಲಿಗೂ ಒಂದು ಗುರುತು ಸಂಖ್ಯೆ ನೆನಪಿಟ್ಟಿರುತ್ತದೆ. ಐಮ್ಯಾಪ್‌ಸಿಂಕ್‌ನಲ್ಲಿ ಆ ಸಂಖ್ಯೆ ಬದಲಾಗುತ್ತದೆ. ಆಗ ಎಲ್ಲ ಹಳೆ ಮೇಲೂ ಹೊಸದು ಅಂತ ಮತ್ತೆ ಇಳಿಯುತ್ತದೆ. ಒಬ್ಬ ಆಡಿಟರ್‌ಗೆ ಹೀಗೆ 9,000 ಮೇಲ್ ಎರಡೆರಡು ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮಾರ್ಚ್ ತಿಂಗಳು ಬೇರೆ.

ಮೇಲ್ ಫೈಲ್‌ಗಳಿರುವ ಮೇಲ್‌ಡಿರ್ ಫೋಲ್ಡರ್‌ಗಳನ್ನೇ ಆರ್‌ಸಿಂಕ್ ಎಂಬ ಫೈಲ್ ನಕಲು ಸಾಧನದಲ್ಲಿ ನಕಲು ಮಾಡಿ. ಆ ಗುರುತು ಸಂಖ್ಯೆಗಳಿರುವ ಡೊವ್‌ಕಾಟ್-ಯುಐಡಿಲಿಸ್ಟ್ ಫೈಲ್ ಬಿಟ್ಟುಹೋಗಬಾರದು. ಆ ಸಂಖ್ಯೆಯ ರೂಪ ಹೇಳುವ ಪಾಪ್ ಯುಐಡಿಎಲ್ ಸೆಟ್ಟಿಂಗ್ ಹಳೆಯದರ ಹಾಗೇ ಇರಲಿ. ಎರಡು ದಿನ ಮೊದಲೇ ಡಿಎನ್‌ಎಸ್ ಟಿಟಿಎಲ್ (ಹಳೆ ಸರ್ವರ್ ವಿಳಾಸವನ್ನು ಹೊರಗಿನವರು ನೆನಪಿಡುವ ಅವಧಿ) 300 ಸೆಕೆಂಡಿಗೆ ಇಳಿಸಿ. ಮೊದಲ ನಕಲು ಹಗಲಲ್ಲಿ, ಕೊನೆಯದು ರಾತ್ರಿ ಸೇವೆ ನಿಲ್ಲಿಸಿ.

ಘಟ್ಟದ_ನೆಟ್
ಮೂರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಶನಿವಾರ ರಾತ್ರಿ 11ಕ್ಕೆ ಶುರು ಮಾಡಿ 2:40ಕ್ಕೆ ಮುಗಿಸಿದೆವು. ಮೊದಲು ನನ್ನದೂ ಪಾಲುದಾರರದೂ ಸೇರಿ ಐದು ಬಾಕ್ಸ್ ಮಾತ್ರ ಸಾಗಿಸಿ ಒಂದು ವಾರ ನೋಡಿದ್ದೆ, ಅದು ಬಹಳ ಸಹಾಯ ಆಯಿತು. ಯಾರ ಪಾಸ್‌ವರ್ಡೂ ಬದಲಾಗಲಿಲ್ಲ. ಯಾರಿಗೂ ಹಳೆ ಮೇಲ್ ಮತ್ತೆ ಇಳಿಯಲಿಲ್ಲ.

ಸೋಮವಾರ ಹನ್ನೊಂದು ಫೋನ್ ಬಂತು. ಹತ್ತು ಜನ ವಿಂಡೋಸ್ 7, ಹಳೆ ಔಟ್‌ಲುಕ್. ಕನೆಕ್ಟ್ ಆಗುತ್ತಿಲ್ಲ. ಹನ್ನೊಂದನೆಯವರು ಅಡಿಕೆ ಅಂಗಡಿಯವರು, ಅವರಿಗೆ ಎಲ್ಲ ಸರಿ ಇತ್ತು. ಮೇಲ್ ಬೇಗ ಬರುತ್ತಿದೆಯಲ್ಲ, ಏನು ಮಾಡಿದಿರಿ ಅಂತ ಕೇಳಲು ಮಾಡಿದ್ದು.

ಆ ಹತ್ತು ಜನರಿಗೆ ಏನು ಮಾಡಲಿ?

ತುಂಗಾತೀರ
ವಿಂಡೋಸ್ 7ನಲ್ಲಿ ಟಿಎಲ್‌ಎಸ್ 1.2 (ಸಂಪರ್ಕವನ್ನು ಗುಪ್ತವಾಗಿಡುವ ವಿಧಾನದ ಆವೃತ್ತಿ) ತಾನಾಗಿ ಆನ್ ಇರುವುದಿಲ್ಲ. ಮೈಕ್ರೋಸಾಫ್ಟ್‌ನ ಕೆಬಿ3140245 ಅಪ್‌ಡೇಟ್ ಹಾಕಿ ರಿಜಿಸ್ಟ್ರಿಯಲ್ಲಿ ಆನ್ ಮಾಡಬೇಕು. ಸರ್ವರ್‌ನಲ್ಲಿ ಹಳೆ ಟಿಎಲ್‌ಎಸ್ ತೆರೆಯಲು ಹೋಗಬೇಡಿ. ಹತ್ತೇ ಜನ ಅಲ್ವಾ, ಒಬ್ಬ ಹುಡುಗನನ್ನು ಪೆನ್‌ಡ್ರೈವ್ ಕೊಟ್ಟು ಮನೆಗೇ ಕಳಿಸಿ. ಆಗದಿದ್ದವರಿಗೆ ಔಟ್‌ಲುಕ್ ಬದಲು ಥಂಡರ್‌ಬರ್ಡ್ ಹಾಕಿಸಿ. ವಿಂಡೋಸ್ 7ಗೆ ಓಡುವ ಕೊನೆಯ ಸರಣಿ 115. ಹಳೆಯದೇ ಆದರೂ ಟಿಎಲ್‌ಎಸ್ ಅದರೊಳಗೇ ಇದೆ, ವಿಂಡೋಸ್‌ದು ಬೇಕಾಗಿಲ್ಲ.

ಘಟ್ಟದ_ನೆಟ್
ನಾಳೆ ನಾನೇ ಹೋಗುತ್ತೇನೆ. ಅದರಲ್ಲಿ ಮೂವರು ನಮ್ಮ ಮೊದಲ ನೂರು ಗ್ರಾಹಕರಲ್ಲಿ ಇದ್ದವರು.